ಮಳೆಗಾಲದ ಆಪತ್ತಿಗೆ 7 ದಿನದ ದಿನಸಿ: ಚಿಕ್ಕ ಮನೆಯಲ್ಲಿ ಎಲ್ಲಿ, ಹೇಗೆ ಇಡಬೇಕು?

ಕೊಡಗು, ಮಲೆನಾಡಿನಲ್ಲಿ ಆಗಸ್ಟ್ ಬಂತೆಂದರೆ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಮುಚ್ಚಿತ್ತು. 2019ರಲ್ಲಿ ಮತ್ತೆ ಪ್ರವಾಹ. ಭಾಗಮಂಡಲದಲ್ಲಂತೂ ಜೋರು ಮಳೆ ಹಿಡಿದರೆ ಸಂಗಮದ ನೀರು ರಸ್ತೆಗೆ ಬರುವುದು ಹೊಸತೇನಲ್ಲ. ಇಂಥ ಹೊತ್ತಲ್ಲಿ ಪೇಟೆಗೆ ಲಾರಿ ಬರಲ್ಲ, ಕರೆಂಟ್ ಇರಲ್ಲ, ಅಂಗಡಿಯಲ್ಲಿ ಇದ್ದಷ್ಟೇ ಸಾಮಾನು.

ಹಿಂದಿನವರಿಗೆ ಇದು ಗೊತ್ತಿತ್ತು. ಕಕ್ಕಡ, ಆಟಿ ತಿಂಗಳಿಗೆಂದೇ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಮಾವಿನ ಮಿಡಿ ಬೇಸಿಗೆಯಲ್ಲೇ ತಯಾರಾಗುತ್ತಿತ್ತು. ಅಕ್ಕಿ ಮುಡಿ ಕಟ್ಟಿ ಅಟ್ಟ ಸೇರುತ್ತಿತ್ತು. ಈಗ ಅಟ್ಟವೂ ಇಲ್ಲ, ಉಗ್ರಾಣವೂ ಇಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಲೈನ್‌ಮನೆ. ಆದರೂ ಒಂದು ವಾರದ ದಿನಸಿಗೆ ಬೇಕಾಗುವ ಜಾಗ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಎಷ್ಟು ಬೇಕು?

ನಾಲ್ಕು ಜನರ ಮನೆಗೆ 7 ದಿನದ ಲೆಕ್ಕ ಸುಮಾರು ಹೀಗಿದೆ:

- ಅಕ್ಕಿ 7 ಕೆ.ಜಿ. (ದಿನಕ್ಕೆ 1 ಕೆ.ಜಿ.)
- ತೊಗರಿಬೇಳೆ, ಹೆಸರುಬೇಳೆ ಸೇರಿ 1.5 ಕೆ.ಜಿ.
- ಅವಲಕ್ಕಿ 2 ಕೆ.ಜಿ., ಹುರಿಗಡಲೆ ಅರ್ಧ ಕೆ.ಜಿ.
- ಅಡುಗೆ ಎಣ್ಣೆ 1 ಲೀಟರ್
- ಬೆಲ್ಲ ಅಥವಾ ಸಕ್ಕರೆ 1 ಕೆ.ಜಿ., ಉಪ್ಪು ಅರ್ಧ ಕೆ.ಜಿ.
- ಹಾಲಿನ ಪುಡಿ ಅರ್ಧ ಕೆ.ಜಿ., ಚಹಾಪುಡಿ ಅಥವಾ ಕಾಫಿಪುಡಿ
- ಹುಣಸೆಹಣ್ಣು, ಖಾರದ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ
- ಈರುಳ್ಳಿ, ಆಲೂಗಡ್ಡೆ ತಲಾ 1 ಕೆ.ಜಿ.

ಅವಲಕ್ಕಿ, ಹುರಿಗಡಲೆ, ಬೆಲ್ಲ ಬಿಡಬೇಡಿ. ಗ್ಯಾಸ್ ಮುಗಿದರೂ, ಒಲೆಗೆ ಸೌದೆ ಒದ್ದೆಯಾದರೂ ಹೊಟ್ಟೆಗೆ ಆಗುತ್ತದೆ. ಜೊತೆಗೆ ಬೆಂಕಿಪೊಟ್ಟಣ, ಮೇಣದಬತ್ತಿ, ಟಾರ್ಚ್ ಸೆಲ್, ಮನೆಯಲ್ಲಿ ಬಿಪಿ, ಶುಗರ್ ಇದ್ದವರಿಗೆ 15 ದಿನದ ಮಾತ್ರೆ ಇರಲಿ.

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್ ಲೆಕ್ಕ. ನಾಲ್ಕು ಜನಕ್ಕೆ 3 ದಿನಕ್ಕೆ 36 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನ್. ಆಮೇಲೆ ಬಾವಿ ನೀರನ್ನು ಸೋಸಿ, ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿಯೇ ಕುಡಿಯಬೇಕು.

ಎಲ್ಲಿ ಇಡೋದು?

ಏಳು ಕೆ.ಜಿ. ಅಕ್ಕಿ ಒಂದು 10 ಲೀಟರ್ ಡಬ್ಬದಲ್ಲಿ ಹಿಡಿಯುತ್ತದೆ. ಈರುಳ್ಳಿ, ಆಲೂಗಡ್ಡೆ ಬಿಟ್ಟು ಮೇಲಿನ ಸಾಮಾನೆಲ್ಲ ಮುಚ್ಚಳ ಬಿಗಿಯಿರುವ 20 ಲೀಟರಿನ ಎರಡು ಬಕೆಟ್‌ನಲ್ಲಿ ಸೇರುತ್ತದೆ. ಬಣ್ಣ, ಕೀಟನಾಶಕ ಇದ್ದ ಹಳೇ ಬಕೆಟ್ ಮಾತ್ರ ಬೇಡ, ಎಷ್ಟು ತೊಳೆದರೂ ಅದು ಊಟದ ಸಾಮಾನಿಗೆ ಆಗಲ್ಲ.

ಮಂಚದ ಕೆಳಗೆ: ನೀರು ನುಗ್ಗದ ಮನೆಗೆ ಇದೇ ಒಳ್ಳೇ ಜಾಗ. ಆದರೆ ನೆಲಕ್ಕೆ ತಾಗಿಸಬೇಡಿ. ಮಳೆಗಾಲದಲ್ಲಿ ನೆಲ, ಗೋಡೆ ಎರಡೂ ಬೆವರುತ್ತವೆ. ಎರಡು ಇಟ್ಟಿಗೆ ಮೇಲೆ ಹಲಗೆ ಹಾಕಿ ಇಡಿ, ಗೋಡೆಯಿಂದ ನಾಲ್ಕು ಬೆರಳು ಬಿಡಿ.

ಸಜ್ಜಾ ಮೇಲೆ: ಹೊಳೆ ಬದಿಯವರು, ತಗ್ಗಿನ ಮನೆಯವರು ಇಲ್ಲೇ ಇಡಬೇಕು. ಒಂದೇ 25 ಕೆ.ಜಿ. ಮೂಟೆ ಮೇಲೇರಿಸುವ ಬದಲು 3–5 ಕೆ.ಜಿ. ಡಬ್ಬಗಳಾಗಿ ಹಂಚಿ. ಮನೆ ಬಿಟ್ಟು ಹೊರಡಬೇಕಾದರೆ ಒಂದನ್ನು ಎತ್ತಿಕೊಂಡು ಹೋಗಲೂ ಸುಲಭ.

ಬಾಗಿಲ ಹಿಂದೆ: ಚಟ್ನಿಪುಡಿ, ಮೇಣದಬತ್ತಿಯಂಥ ಹಗುರ ಸಾಮಾನಿಗೆ ಒಂದು ಚೀಲ ನೇತುಹಾಕಿದರೆ ಸಾಕು.

ಒಲೆ ಪಕ್ಕ, ಫ್ರಿಜ್ ಮೇಲೆ ಇಡಬೇಡಿ, ಅಲ್ಲಿ ಬಿಸಿ. ಸೀಮೆಎಣ್ಣೆ, ಫಿನಾಯಿಲ್, ಗೊಬ್ಬರದ ಜೊತೆಗಂತೂ ಬೇಡವೇ ಬೇಡ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಟ್ಟರೆ ಬೇಗ ಕೆಡುತ್ತವೆ. ಬೇರೆ ಬೇರೆ ಇಡಿ, ಗಾಳಿಯಾಡಲಿ.

ಹುಳ, ಬೂಷ್ಟು ಬಾರದಂತೆ

ಅಕ್ಕಿ, ಬೇಳೆಯನ್ನು ಬಿಸಿಲಿರುವಾಗಲೇ ಒಣಗಿಸಿ. ಬಿಸಿ ಇರುವಾಗ ತುಂಬಿದರೆ ಡಬ್ಬದ ಒಳಗೇ ನೀರು ಹನಿಯುತ್ತದೆ, ಪೂರ್ತಿ ಆರಿದ ಮೇಲೆ ತುಂಬಿ. ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಹಾಕುವ ರೂಢಿ ಇದೆ, ಆದರೆ ಒಣ ಡಬ್ಬ, ಬಿಗಿ ಮುಚ್ಚಳ ಇಲ್ಲದಿದ್ದರೆ ಅದರಿಂದಷ್ಟೇ ಆಗದು. ರವೆ ಹುರಿದು ಇಡಿ. ರಾಗಿ ಕಾಳು ವರ್ಷಗಟ್ಟಲೆ ಇರುತ್ತದೆ, ಹಿಟ್ಟು ಇರಲ್ಲ. ಹಾಗಾಗಿ ಹಿಟ್ಟು ಸ್ವಲ್ಪವೇ ಮಾಡಿಸಿ. ಬೂಷ್ಟು ಹಿಡಿದ ಕಡಲೆಕಾಯಿ ಬೀಜವನ್ನು ತೊಳೆದು, ಹುರಿದು ತಿನ್ನಬೇಡಿ. ಅದರ ವಿಷ ಹುರಿದರೂ ಪೂರ್ತಿ ಹೋಗಲ್ಲ.

ರೇಷನ್ ಅಕ್ಕಿ ಆರಿಸುವಾಗ ಬಣ್ಣ ಸ್ವಲ್ಪ ಬೇರೆ ಇರುವ ಕಾಳು ಕಂಡರೆ 'ಪ್ಲಾಸ್ಟಿಕ್' ಅಂತ ಎಸೆಯಬೇಡಿ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಸಾರವರ್ಧಿತ ಕಾಳು ಇರಬಹುದು. ಸಾರವರ್ಧಿತ ಅಕ್ಕಿಯಲ್ಲಿ ಅದನ್ನು ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ.

ಈ ಮಾತ್ರೆ ಮನೆಗೆ ತರಬೇಡಿ

ಗೋದಾಮಿನಲ್ಲಿ ಹುಳಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕೆಲವರು ಕೇಳಿ ಪಡೆದು ಮನೆಯ ಅಕ್ಕಿ ಡಬ್ಬಕ್ಕೆ ಹಾಕುವುದುಂಟು. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ. ಬಾಗಿಲು ಮುಚ್ಚಿ ಮಲಗಿದ ಚಿಕ್ಕ ಕೋಣೆಯಲ್ಲಿ ಇದು ಜೀವ ತೆಗೆಯುತ್ತದೆ, ಮಕ್ಕಳಿಗೆ ಇನ್ನೂ ಅಪಾಯ. ಅಂಗಡಿಯವರು ಪರಿಚಯದವರು ಕೇಳಿದರೂ ಒಂದು ಮಾತ್ರೆ ಕೂಡ ಕೊಡಬಾರದು.

ಹಳೇದು ಮೊದಲು

ಆಪತ್ತಿನ ದಿನಸಿ ಅಂತ ಮುಟ್ಟದೆ ಇಟ್ಟರೆ ಹುಳದ ಪಾಲಾಗುತ್ತದೆ. ಡಬ್ಬದ ಮೇಲೆ ಟೇಪ್ ಅಂಟಿಸಿ ತುಂಬಿದ ತಾರೀಕು ಬರೆಯಿರಿ. ತಿಂಗಳ ಸಾಮಾನು ತಂದಾಗ ಹೊಸದನ್ನು ಈ ಡಬ್ಬಕ್ಕೆ ತುಂಬಿ, ಹಳೇದನ್ನು ಅಡುಗೆಗೆ ತೆಗೆಯಿರಿ. ಒಮ್ಮೆಗೇ ದುಡ್ಡು ಹೊಂದಿಸುವುದು ಕಷ್ಟವಾದರೆ ವಾರಕ್ಕೆ ಒಂದು ಕೆ.ಜಿ. ಅಕ್ಕಿ, ಕಾಲು ಕೆ.ಜಿ. ಬೇಳೆ ಹೆಚ್ಚಿಗೆ ತಂದರೂ ಎರಡು ತಿಂಗಳೊಳಗೆ ಡಬ್ಬ ತುಂಬುತ್ತದೆ.

ನೆರೆ ನೀರು ತಾಗಿದರೆ

ನೆರೆ ನೀರಲ್ಲಿ ಕಕ್ಕಸಿನ ಗುಂಡಿ, ಚರಂಡಿ ಎಲ್ಲ ಸೇರಿರುತ್ತದೆ. ಅದು ತಾಗಿದ ಅಕ್ಕಿ, ಬೇಳೆ, ಹಿಟ್ಟು, ತಿರುಗಿಸುವ ಮುಚ್ಚಳದ ಬಾಟಲಿಯ ಸಾಮಾನು ಎಲ್ಲ ಬಿಸಾಡಬೇಕು. ಒಣಗಿಸಿ ಬಳಸುವ ಮಾತೇ ಇಲ್ಲ. ಭೇದಿ ಶುರುವಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಮಟ್ಟವಾಗಿ ಅಳೆದು ಹಾಕಿ ಕುಡಿಸುತ್ತಿರಿ, ವೈದ್ಯರನ್ನು ಕಾಣಿ.

ಅಂಗಡಿಯವರಿಗೆ

ಮೂಟೆಗಳನ್ನು ಹಲಗೆ ಮೇಲೇರಿಸಿ, ಬೇಳೆ, ಸಕ್ಕರೆ, ಹಿಟ್ಟು ಮೇಲಿನ ಸಾಲಿಗೆ ಹೋಗಲಿ. ದಾಸ್ತಾನಿನ ಫೋಟೊ ತೆಗೆದಿಟ್ಟುಕೊಳ್ಳಿ, ವಿಮೆ ಇದ್ದರೆ ನೆರವಾಗುತ್ತದೆ. ಉದ್ರಿ ಪುಸ್ತಕ, ಲೈಸೆನ್ಸ್, ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎತ್ತರದಲ್ಲಿಡಿ. ರಸ್ತೆ ಬಂದ್ ಆದಾಗಲೂ ಪ್ಯಾಕೆಟ್ ಸಾಮಾನನ್ನು ಎಂಆರ್‌ಪಿ ಮೀರಿ ಮಾರುವುದು ಅಪರಾಧ. ಒಬ್ಬರಿಗೇ ನಾಲ್ಕು ಮೂಟೆ ಕೊಡುವ ಬದಲು ಮನೆಗೆ ಇಷ್ಟೇ ಅಂತ ಹಂಚಿದರೆ ಕೊನೆಗೆ ಬಂದವರಿಗೂ ಅಕ್ಕಿ ಸಿಗುತ್ತದೆ.

ಗುಡ್ಡದಲ್ಲಿ ಬಿರುಕು ಕಂಡರೆ, ನೀರು ಏರುತ್ತಿದ್ದರೆ ದಿನಸಿ ನೋಡುತ್ತ ನಿಲ್ಲಬೇಡಿ, ಮೊದಲು ಜನ ಹೊರಗೆ ಬರಲಿ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ನಂಬರ್ 1077, ಪೊಲೀಸ್ ಮತ್ತು ತುರ್ತು ಸೇವೆಗೆ 112. ಎರಡನ್ನೂ ಅಡುಗೆಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.