ನಗೆಯ ಗಾಂಭೀರ್ಯ: ‘ಕಿಮೊನೊ ಮೈ ಹೌಸ್’ ಮತ್ತು ಅದರ ಕೇಳುಗರು

ಸಂಗೀತ ವಿಮರ್ಶೆಯಲ್ಲಿ ಹಾಸ್ಯಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ನಾಟಕದಲ್ಲಿ ಪ್ರಹಸನಕ್ಕೂ ಕಾವ್ಯದಲ್ಲಿ ವಿಡಂಬನೆಗೂ ಮನ್ನಣೆಯುಂಟು. ಆದರೆ ನಗಿಸುವ ಹಾಡನ್ನು ಕ್ಷಣಿಕ ವಿನೋದವೆಂದು ಬದಿಗಿಡುವ ರೂಢಿ ಬಲವಾಗಿದೆ. ಈ ರೂಢಿಯನ್ನು ಪರೀಕ್ಷೆಗೊಡ್ಡಲು ೧೯೭೪ರ ಮೇ ತಿಂಗಳಲ್ಲಿ ಲಂಡನ್ನಿನ ಐಲೆಂಡ್ ರೆಕಾರ್ಡ್ಸ್ ಸಂಸ್ಥೆ ಹೊರತಂದ, ಸ್ಪಾರ್ಕ್ಸ್ ತಂಡದ ‘ಕಿಮೊನೊ ಮೈ ಹೌಸ್’ ಎಂಬ ಧ್ವನಿಮುದ್ರಿಕೆ ತಕ್ಕ ನಿದರ್ಶನವಾಗಿದೆ. ಜನಪ್ರಿಯ ಗೀತೆಯ ಚೌಕಟ್ಟಿನೊಳಕ್ಕೆ ರಂಗಭೂಮಿ, ಚಲನಚಿತ್ರ, ಚಿತ್ರಕಲೆಗಳ ವಿಧಾನಗಳನ್ನು ತರುವ ‘ಆರ್ಟ್ ಪಾಪ್’ ಪ್ರಕಾರಕ್ಕೆ ಈ ಕೃತಿ ಸೇರುತ್ತದೆ.

ಈ ತಂಡದ ಕೇಂದ್ರದಲ್ಲಿರುವ ರಾನ್ ಮೇಲ್ ಮತ್ತು ರಸೆಲ್ ಮೇಲ್ ಸಹೋದರರು ಲಾಸ್ ಏಂಜಲಿಸ್‌ನವರು. ೧೯೭೧ರಲ್ಲಿ ‘ಹಾಫ್‌ನೆಲ್ಸನ್’ ಎಂಬ ಹೆಸರಿನಲ್ಲಿ ಹೊರಬಂದ ಅವರ ಮೊದಲ ಮುದ್ರಿಕೆಯಾಗಲಿ, ಹೆಸರು ಬದಲಿಸಿದ ಬಳಿಕ ಬಂದ ಎರಡನೆಯದಾಗಲಿ ಸ್ವದೇಶದಲ್ಲಿ ಹೆಚ್ಚು ಮಾರಾಟವಾಗಲಿಲ್ಲ. ೧೯೭೩ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಅವರು ಅಲ್ಲಿನ ವಾದಕರಾದ ಮಾರ್ಟಿನ್ ಗಾರ್ಡನ್, ಏಡ್ರಿಯನ್ ಫಿಷರ್ ಮತ್ತು ಡಿಂಕಿ ಡೈಮಂಡ್‌ರನ್ನು ಸೇರಿಸಿಕೊಂಡು ತಂಡವನ್ನು ಪುನಾರಚಿಸಿದರು. ನಿರ್ಮಾಣದ ಹೊಣೆಯನ್ನು ಮಫ್ ವಿನ್‌ವುಡ್ ವಹಿಸಿದರು.

ಕೃತಿಯ ಶೀರ್ಷಿಕೆಯೇ ಒಂದು ಶ್ಲೇಷೆ. ೧೯೫೧ರಲ್ಲಿ ರೋಸ್‌ಮರಿ ಕ್ಲೂನಿ ಹಾಡಿ ಪ್ರಸಿದ್ಧಗೊಳಿಸಿದ ‘ಕಮಾನ್ ಎ ಮೈ ಹೌಸ್’ ಗೀತೆಯ ಹೆಸರಿನಲ್ಲಿ ಕಿಮೊನೊ ಉಡುಪು ಬಂದು ಕೂತಿದೆ. ಮುಖಪುಟದಲ್ಲಿ ತಂಡದ ಹೆಸರಿಲ್ಲ, ಕೃತಿಯ ಹೆಸರೂ ಇಲ್ಲ. ಕಿಮೊನೊ ತೊಟ್ಟ, ಪ್ರಸಾಧನ ಕೆಟ್ಟು ಅಣಕಿಸುವಂತೆ ನಿಂತ ಇಬ್ಬರು ಜಪಾನಿ ಮಹಿಳೆಯರಷ್ಟೇ ಅಲ್ಲಿದ್ದಾರೆ. ಅವರು ರೆಡ್ ಬುದ್ಧ ಥಿಯೇಟರ್ ಎಂಬ ಜಪಾನಿ ರಂಗತಂಡದ ಕಲಾವಿದೆಯರು.

ಹತ್ತು ಗೀತೆಗಳ ಈ ಸಂಪುಟದಲ್ಲಿ ಪ್ರತಿಯೊಂದು ಗೀತೆಯೂ ಒಬ್ಬ ಪಾತ್ರಧಾರಿಯ ಸ್ವಗತದಂತಿದೆ. ‘ಹಿಯರ್ ಇನ್ ಹೆವನ್’ ಗೀತೆಯಲ್ಲಿ ಜೊತೆಗೆ ಸಾಯುವ ಮಾತಿಗೆ ಕಟ್ಟುಬಿದ್ದು ಸ್ವರ್ಗ ಸೇರಿದ ರೋಮಿಯೋ, ಬಾರದ ಜೂಲಿಯಟ್‌ಗಾಗಿ ಕಾಯುತ್ತಾನೆ. ‘ಇಕ್ವೇಟರ್’ ಗೀತೆಯ ಪ್ರೇಮಿ ಭೂಮಧ್ಯರೇಖೆಯ ಬಳಿ ಸಂಧಿಸೋಣವೆಂಬ ಒಪ್ಪಂದವನ್ನು ನಂಬಿ ಹೋಗಿ ಒಂಟಿಯಾಗುತ್ತಾನೆ. ‘ಟ್ಯಾಲೆಂಟ್ ಈಸ್ ಆನ್ ಅಸೆಟ್’ ಬಾಲಕ ಐನ್‌ಸ್ಟೈನನ ಬಂಧುಗಳ ಹೆಮ್ಮೆಯನ್ನು ಚಿತ್ರಿಸುತ್ತದೆ. ತನ್ನನ್ನೇ ಮೋಹಿಸುವವನ ಹಾಡು ವಾಲ್ಟ್ಸ್‌ನ ಮೂರು ಎಣಿಕೆಯ ಲಯದಲ್ಲಿದೆ. ತನ್ನ ಸುತ್ತ ತಾನೇ ಸುತ್ತುವವನಿಗೆ ಅದೇ ಉಚಿತವಾದ ಲಯ. ಈ ಪಾತ್ರಗಳು ನಗೆಗೀಡಾಗುತ್ತವೆಯೇ ಹೊರತು ತಿರಸ್ಕಾರಕ್ಕೀಡಾಗುವುದಿಲ್ಲ. ನಗೆಯ ತಳದಲ್ಲಿ ಸೋಲಿನ ನೋವಿರುವುದೇ ಇದಕ್ಕೆ ಕಾರಣ.

ರಚನೆ ಬಹುಮಟ್ಟಿಗೆ ರಾನ್ ಅವರದು. ತಮ್ಮನ ಕಂಠದ ವ್ಯಾಪ್ತಿಗೆ ತಕ್ಕಂತೆ ಶ್ರುತಿಯನ್ನು ಇಳಿಸದೆ ಕೀಲಿಮಣೆಯ ಮೇಲೆ ಮೂಡಿದ ಸ್ವರದಲ್ಲಿಯೇ ಹಾಡು ಉಳಿಯುತ್ತಿತ್ತು. ಹೀಗಾಗಿ ರಸೆಲ್ ತಾರಸ್ಥಾಯಿಯ ಕೃತಕ ಕಂಠದಲ್ಲಿ, ಉಸಿರಿಗೂ ಎಡೆಯಿಲ್ಲದಷ್ಟು ಶಬ್ದಗಳನ್ನು ಹಾಡಬೇಕಾಯಿತು. ‘ದಿಸ್ ಟೌನ್ ಏಂಟ್ ಬಿಗ್ ಇನಫ್ ಫಾರ್ ಬೋತ್ ಆಫ್ ಅಸ್’ ಎಂಬ ಗೀತೆ ಕೌಬಾಯ್ ಚಿತ್ರಗಳ ಸವೆದ ಸಂಭಾಷಣೆಯೊಂದನ್ನು ಪಲ್ಲವಿಯ ಸ್ಥಾನಕ್ಕೇರಿಸಿ, ನಡುವೆ ಗುಂಡಿನ ಸದ್ದನ್ನು ಸೇರಿಸಿ, ಪ್ರೇಮಿಯೊಬ್ಬನ ಅಳುಕನ್ನು ದ್ವಂದ್ವಯುದ್ಧವಾಗಿಸುತ್ತದೆ.

ಅದೇ ಮೇ ತಿಂಗಳಲ್ಲಿ ತಂಡವು ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಗುಂಗುರು ಕೂದಲಿನ ರಸೆಲ್ ಕುಣಿದಾಡುತ್ತಿದ್ದರೆ, ಚಾಪ್ಲಿನ್ನನನ್ನೂ ಹಿಟ್ಲರನನ್ನೂ ಏಕಕಾಲಕ್ಕೆ ನೆನಪಿಸುವ ಮೀಸೆಯ ರಾನ್ ಅಲುಗಾಡದೆ ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದರು. ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಆಹಾರ್ಯವೇ ಅರ್ಧ ಅರ್ಥವನ್ನು ವಹಿಸಿತ್ತು. ಗೀತೆ ಬ್ರಿಟನ್ನಿನ ಪಟ್ಟಿಯಲ್ಲಿ ೨ನೆಯ ಸ್ಥಾನಕ್ಕೂ ಸಂಪುಟ ೪ನೆಯ ಸ್ಥಾನಕ್ಕೂ ಏರಿದವು. ಅಮೆರಿಕದ ಪಟ್ಟಿಯಲ್ಲಿ ಸಂಪುಟ ಮೊದಲ ನೂರರೊಳಗೆ ಬರಲಿಲ್ಲ.

ಅಮೆರಿಕದವರನ್ನು ಅಮೆರಿಕ ಒಲ್ಲದೆ ಬ್ರಿಟನ್ ಒಪ್ಪಿದ್ದೇಕೆ? ಗಿಲ್ಬರ್ಟ್ ಮತ್ತು ಸಲಿವನ್‌ರ ಶಬ್ದಚಮತ್ಕಾರದ ಗೀತನಾಟಕಗಳು ಹಾಗೂ ಮ್ಯೂಸಿಕ್ ಹಾಲ್ ಎಂಬ ವಿನೋದ ರಂಗಪರಂಪರೆ ಅಲ್ಲಿನ ಕಿವಿಯನ್ನು ಮೊದಲೇ ಹದಗೊಳಿಸಿದ್ದವು ಎಂಬುದು ಒಂದು ಮುಖ್ಯ ಕಾರಣವಾಗಿರಬಹುದು. ಪಾತ್ರವಾಗಿ ನಿಂತು ಹಾಡುವ ಆ ಪರಂಪರೆ ಕನ್ನಡಕ್ಕೂ ಅಪರಿಚಿತವಲ್ಲ. ಭೂವಿಜ್ಞಾನದ ವ್ಯಾಸಂಗಕ್ಕಾಗಿ ಲಂಡನ್ನಿನಲ್ಲಿದ್ದ ಟಿ. ಪಿ. ಕೈಲಾಸಂ ಅವರು ೧೯೧೨ರ ಮ್ಯೂಸಿಕ್ ಹಾಲ್ ಗೀತೆ ‘ಟಿಪ್ಪರೇರಿ’ಯನ್ನು ‘ತಿಪ್ಪಾರಳ್ಳಿ’ಯಾಗಿಸಿದ್ದು ಸುಪ್ರಸಿದ್ಧ. ನಗೆಯೊಳಗೆ ದುಗುಡವನ್ನು ಹುದುಗಿಸುವ ಅವರ ನಾಟಕಗಳನ್ನು ಬಲ್ಲವರಿಗೆ ಈ ಸಂಪುಟದ ಧರ್ಮ ಸುಲಭವಾಗಿ ತಿಳಿದೀತು.

ಚತುರ ಕೃತಿ ಒಮ್ಮೆ ಅರ್ಥವಾದೊಡನೆ ಮುಗಿದುಹೋಗುತ್ತದೆಂಬ ಆಕ್ಷೇಪವುಂಟು. ಈ ಸಂಪುಟದ ಕೇಳುಗರ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ೧೯೭೪ರಲ್ಲಿ ಇದನ್ನು ಮೆಚ್ಚಿ ಸಂಗೀತಪತ್ರಿಕೆಗೆ ಪತ್ರ ಬರೆದ ಹದಿಹರೆಯದ ಮಾರಿಸ್ಸಿ, ಮುಂದೆ ತಾವೇ ಹೆಸರಾಂತ ಗಾಯಕರಾಗಿ, ೨೦೦೪ರಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವವನ್ನು ರೂಪಿಸಿದಾಗ ಸಹೋದರರಿಂದ ಇಡೀ ಸಂಪುಟವನ್ನು ಹಾಡಿಸಿದರು. ೨೦೧೪ರಲ್ಲಿ, ನಲವತ್ತು ವರ್ಷ ತುಂಬಿದಾಗ, ಬಾರ್ಬಿಕನ್ ಸಭಾಂಗಣದಲ್ಲಿ ವಾದ್ಯವೃಂದದೊಡನೆ ಅದು ಮತ್ತೆ ಪ್ರಸ್ತುತಗೊಂಡಿತು. ೨೦೨೧ರಲ್ಲಿ ಎಡ್ಗರ್ ರೈಟ್ ಈ ಸಹೋದರರನ್ನು ಕುರಿತು ಸಾಕ್ಷ್ಯಚಿತ್ರ ಮಾಡಿದರು. ಅದೇ ವರ್ಷ ಅವರ ಕಥೆ ಹಾಗೂ ಸಂಗೀತವಿರುವ ‘ಆನೆಟ್’ ಕಾನ್ ಚಿತ್ರೋತ್ಸವದ ಆರಂಭಿಕ ಚಿತ್ರವಾಯಿತು.

ಹಾಸ್ಯವು ಗಾಂಭೀರ್ಯದ ಅಭಾವವಲ್ಲ. ಮನುಷ್ಯನ ಸೋಲನ್ನು ಸಹ್ಯವಾಗಿಸಿ ನೋಡುವ ಒಂದು ಕ್ರಮ ಅದು. ಈ ಸಂಪುಟವನ್ನು ಕೇಳುಗರು ಅರ್ಧ ಶತಮಾನದ ಕಾಲ ಮರಳಿ ಮರಳಿ ಆಲಿಸಿರುವುದು ಅದರ ಚಮತ್ಕಾರಕ್ಕಾಗಿ ಮಾತ್ರವಲ್ಲ. ಆ ಚಮತ್ಕಾರದ ಮರೆಯಲ್ಲಿ ತಮ್ಮದೇ ಅಳುಕುಗಳನ್ನು ಗುರುತಿಸಿಕೊಂಡದ್ದರಿಂದ. ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ನಗೆಯ ಈ ಹೊಣೆಗಾರಿಕೆಯನ್ನು ಗಣನೆಗೆ ತೆಗೆದುಕೊಳ್ಳುವುದು ಅಗತ್ಯ.