ರಾಮನಗರದ ಮಣಿಸರ: ಸಂತಾನ ನಿಯಂತ್ರಣ ಎಲ್ಲಿ ಸೋಲುತ್ತದೆ?



ಸಂತಾನ ನಿಯಂತ್ರಣದ ಚರಿತ್ರೆ ಎಂದರೆ ಹೊಸ ಹೊಸ ಸಾಧನಗಳ ಚರಿತ್ರೆ ಎಂದೇ ನಾವು ತಿಳಿಯುತ್ತೇವೆ. ವಂಕಿ ಯಾವಾಗ ಬಂತು, ಗುಳಿಗೆ ಯಾವಾಗ ಬಂತು ಎಂದು ಪಟ್ಟಿ ಮಾಡಿ ಮುಗಿಸುತ್ತೇವೆ. ಆದರೆ ಇದೇ ಚರಿತ್ರೆಯಲ್ಲಿ ಇನ್ನೊಂದು ಎಳೆಯಿದೆ. ಸಾಧನವಿದ್ದೂ ಗರ್ಭ ನಿಂತದ್ದು ಏಕೆ? ಈ ಪ್ರಶ್ನೆಗೆ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ‘ಅವಳೇ ಸರಿಯಾಗಿ ನೋಡಿಕೊಳ್ಳಲಿಲ್ಲ’, ಇಲ್ಲವೇ ‘ಆ ಔಷಧಿಯೇ ಸುಳ್ಳು’. ಎರಡರಲ್ಲೂ ಪೂರ್ತಿ ಸತ್ಯವಿಲ್ಲ. ಅದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ; ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಯೋಗ ಸಾಕು.

ಮೈಸೂರಿನ ಮೊದಲ ಹೆಜ್ಜೆ

1930ರ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವೆಂದು ಎಣಿಸಲಾಗಿದೆ. ಇಡೀ ದೇಶದಲ್ಲಿ ಮಾತ್ರ ಈ ವಿಷಯ ಇನ್ನೂ ವಾದದಲ್ಲೇ ಇತ್ತು. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ಚರ್ಚಿಸಿದರು. ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪಲಿಲ್ಲ. ಸಂಯಮವೇ ದಾರಿ ಎಂದರು. ತಿಂಗಳಿನ ‘ಸುರಕ್ಷಿತ ದಿನ’ಗಳ ವಿಧಾನಕ್ಕೆ ಮಾತ್ರ ಅಷ್ಟು ಆಕ್ಷೇಪವಿಲ್ಲ ಎಂಬ ಸೂಚನೆ ಕೊಟ್ಟರು.

ಈ ವಿಧಾನದ ಹಿಂದೆ ಆ ಕಾಲದ ಹೊಸ ವಿಜ್ಞಾನವಿತ್ತು. ಜಪಾನಿನ ಒಗಿನೋ ಮತ್ತು ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಒಂದು ಸಂಗತಿ ಕಂಡುಕೊಂಡಿದ್ದರು. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅದರ ಆಸುಪಾಸಿನ ದಿನಗಳನ್ನು ಬಿಟ್ಟರೆ ಗರ್ಭ ನಿಲ್ಲುವ ಸಂಭವ ಕಡಿಮೆ.

ಹಸಿರು ಮಣಿ, ಕೆಂಪು ಮಣಿ

ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಅವರು ಒಲಿದದ್ದೂ ಈ ವಿಧಾನಕ್ಕೇ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಎರಡು ಜಾಗ ಆರಿಸಿದರು: ದೆಹಲಿಯ ಲೋದಿ ಕಾಲೊನಿ, ಮತ್ತು ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ನಮ್ಮ ರಾಮನಗರ.

ಓದು ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಅದಕ್ಕಾಗಿ ಒಂದು ಮಣಿಸರ ಸಿದ್ಧವಾಯಿತು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲದ ದಿನ; ಕೆಂಪು ಮಣಿ ಬಂದರೆ ಗಂಡಹೆಂಡಿರು ದೂರವಿರಬೇಕಾದ ದಿನ. ಕಾಗದದ ಮೇಲೆ ಇದಕ್ಕಿಂತ ಸರಳವಾದದ್ದು ಇನ್ನಿಲ್ಲ.

ಮನೆಯೊಳಗೆ ಆದದ್ದೇ ಬೇರೆ. ರಾತ್ರಿಯ ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು ಎಂದು ತಿಳಿಯಲಿಲ್ಲ. ಆಗ ಒಂದನ್ನು ದುಂಡಗೆ, ಇನ್ನೊಂದನ್ನು ಚೌಕವಾಗಿ ಮಾಡಿದರು. ಕೆಲವರು ಮಣಿಯನ್ನು ಹಿಂದುಮುಂದಾಗಿ ಸರಿಸಿದರು. ಅದನ್ನು ತಡೆಯಲು ಕೊಂಡಿ ಹಾಕಿದರು. ಸರ ಕೊರಳಲ್ಲಿದ್ದರೆ ನೆರೆಯವರಿಗೆಲ್ಲ ಗುಟ್ಟು ಗೊತ್ತಾಗುತ್ತದೆಂದು ಕೆಲವರು ನಾಚಿದರು. ಸರ ತೊಟ್ಟರೆ ಸಾಕು, ತಾಯಿತದಂತೆ ಅದೇ ಕಾಯುತ್ತದೆ ಎಂದು ನಂಬಿದವರೂ ಇದ್ದರು. ಮಕ್ಕಳು ಸಾಕೆಂದು ಹೇಳಿದವರು ಬಹಳ ಮಂದಿ. ವಿಧಾನವನ್ನು ಬಿಡದೆ ಪಾಲಿಸಿದವರು ಕೆಲವೇ ಮಂದಿ.

ಈ ಹೆಂಗಸರು ತಿಳಿಗೇಡಿಗಳೆಂದು ನಗುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಕೆಂಪು ಮಣಿಯ ದಿನ ಗಂಡನಿಗೆ ‘ಬೇಡ’ ಎನ್ನುವ ಅಧಿಕಾರ ಅವರಲ್ಲಿ ಎಷ್ಟು ಜನರಿಗಿತ್ತು? ಮಣಿ ಎಣಿಸುವ ಭಾರ ಹೆಂಡತಿಯದು. ಸಂಯಮಕ್ಕೆ ಇಬ್ಬರೂ ಬೇಕು. ಜೊತೆಗೆ ದೇಹವೂ ಗಡಿಯಾರವಲ್ಲ. ಹೆರಿಗೆಯ ನಂತರ, ಮಗು ಹಾಲು ಕುಡಿಯುವಾಗ, ಕಾಯಿಲೆಯಾದಾಗ ಋತುಚಕ್ರದ ದಿನಗಳು ಏರುಪೇರಾಗುತ್ತವೆ. ಅಂಡಾಣು ಬದುಕುವುದು ಒಂದು ದಿನದಷ್ಟು. ವೀರ್ಯಾಣುಗಳು ಐದು ದಿನದವರೆಗೂ ಬದುಕಿರಬಲ್ಲವು. ಲೆಕ್ಕ ಎರಡು ದಿನ ತಪ್ಪಿದರೂ ಸುರಕ್ಷಿತ ದಿನ ಅಪಾಯದ ದಿನವಾಗುತ್ತದೆ.

ಸೋಲಿನ ಲೆಕ್ಕ

ಸೋಲನ್ನು ಅಳೆಯುವುದಕ್ಕೂ ವಿಜ್ಞಾನದಲ್ಲಿ ಒಂದು ಕ್ರಮವಿದೆ. 1933ರಲ್ಲಿ ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ ಒಂದು ಸೂಚ್ಯಂಕವನ್ನು ಸೂಚಿಸಿದರು. ನೂರು ಮಂದಿ ಹೆಂಗಸರು ಒಂದು ವಿಧಾನವನ್ನು ಒಂದು ವರ್ಷ ಬಳಸಿದರೆ ಎಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ ಎಂಬುದೇ ಅದು. ಮುಂದೆ ಇದನ್ನು ಎರಡು ಅಂಕಣಗಳಲ್ಲಿ ಬರೆಯುವ ರೂಢಿ ಬಂತು. ಒಂದು, ನಿಯಮ ಒಂದಿಷ್ಟೂ ತಪ್ಪದೆ ಬಳಸಿದಾಗ. ಇನ್ನೊಂದು, ಜನ ನಿತ್ಯಜೀವನದಲ್ಲಿ ಬಳಸುವಂತೆ ಬಳಸಿದಾಗ.

ಅಮೆರಿಕದಲ್ಲಿ ಲೆಕ್ಕ ಹಾಕಿರುವ ಅಂಕಿಗಳನ್ನು ನೋಡಿ. ಗಂಡಸರ ಕಾಂಡೋಮ್: ತಪ್ಪದೆ ಬಳಸಿದರೆ ನೂರಕ್ಕೆ 2, ರೂಢಿಯ ಬಳಕೆಯಲ್ಲಿ 13. ನುಂಗುವ ಗುಳಿಗೆ: ತಪ್ಪದೆ ಬಳಸಿದರೆ ನೂರಕ್ಕೆ ಒಂದಕ್ಕಿಂತ ಕಡಿಮೆ, ರೂಢಿಯಲ್ಲಿ 7. ಕಾಪರ್-ಟಿ: ಎರಡರಲ್ಲೂ ಒಂದಕ್ಕಿಂತ ಕಡಿಮೆ. ಏಕೆಂದರೆ ಅದನ್ನು ದಿನಾ ನೆನಪಿಡಬೇಕಾಗಿಲ್ಲ. ಎರಡು ಅಂಕಣಗಳ ನಡುವಿನ ಅಂತರವೇ ಮರೆವು, ನಾಚಿಕೆ, ಅವಸರ, ತಪ್ಪು ತಿಳಿವಳಿಕೆಗಳ ಅಳತೆ. ಮೊದಲ ಅಂಕಣವೂ ಸೊನ್ನೆಯಲ್ಲ ಎಂಬುದನ್ನು ಗಮನಿಸಿ. ಯಾರೂ ತಪ್ಪು ಮಾಡದಿದ್ದರೂ ಸೋಲು ಸಾಧ್ಯ.

ವರ್ಷಕ್ಕೆ ನೂರಕ್ಕೆ 7 ಎಂದರೆ ಅಲ್ಪವೆನಿಸಬಹುದು. ಅದೇ ದರ ಹತ್ತು ವರ್ಷ ಉಳಿದರೆ ಎಷ್ಟಾಗುತ್ತದೆ? 0.93ನ್ನು ಹತ್ತು ಬಾರಿ ಗುಣಿಸಿ ನೋಡಿ, ಸುಮಾರು 0.48 ಬರುತ್ತದೆ. ಅಂದರೆ ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಮ್ಮೆಯಾದರೂ ಗರ್ಭ ನಿಂತಿರುತ್ತದೆ.

ವಂಕಿ, ನಿರೋಧ್, ಗುಳಿಗೆ

1965ರಲ್ಲಿ ನಮ್ಮ ದೇಶದಲ್ಲಿ ಲಿಪ್ಪೆಸ್ ಲೂಪ್ ಎಂಬ ಪ್ಲಾಸ್ಟಿಕ್ ವಂಕಿಯ ಆಂದೋಲನ ನಡೆಯಿತು. ಶಿಬಿರಗಳಲ್ಲಿ ಲಕ್ಷಗಟ್ಟಲೆ ಹೆಂಗಸರಿಗೆ ವಂಕಿ ಹಾಕಿದರು. ಹಾಕಿದವರು ಮುಂದಿನ ಊರಿಗೆ ಹೋದರು. ರಕ್ತಸ್ರಾವವಾದಾಗ, ವಂಕಿ ತಾನಾಗಿ ಜಾರಿ ಬಿದ್ದಾಗ ಕೇಳಲು ಯಾರೂ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದರ ಮೇಲಿನ ನಂಬಿಕೆ ಕುಸಿಯಿತು. ಇಂದು ಕಾಪರ್-ಟಿ ಹಾಕಿಸಿಕೊಂಡವರು ಮೊದಲ ಮುಟ್ಟಿನ ನಂತರ ತಪಾಸಣೆಗೆ ಬರಬೇಕು, ದಾರ ಸಿಗದಿದ್ದರೆ ತಿಳಿಸಬೇಕು ಎಂದು ಹೇಳುವುದು ಇದಕ್ಕೇ.

1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂತು. ಅಂಚೆಪೆಟ್ಟಿಗೆಯಂತೆ ಊರೂರಿಗೂ ಪರಿಚಿತವಾದ ಹೆಸರು. ಬಳಸುವ ಕ್ರಮ ಮಾತ್ರ ಅಷ್ಟು ಪರಿಚಿತವಾಗಲಿಲ್ಲ. ಪ್ರತಿ ಸಲವೂ, ಸಂಪರ್ಕದ ಆರಂಭದಿಂದ ಕೊನೆಯವರೆಗೂ ಅದು ಇರಬೇಕು. ತುದಿಯಲ್ಲಿ ಗಾಳಿ ನಿಲ್ಲಬಾರದು. ಪೊಟ್ಟಣದ ಮೇಲಿನ ಅವಧಿ ಮುಗಿದಿರಬಾರದು. ಬಿಸಿಲಿನಲ್ಲಿ, ಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಹರಿಯಬಹುದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಿದರೆ ರಬ್ಬರು ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ಇದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಗುಳಿಗೆಯ ಕಥೆಯೂ ಹೀಗೆಯೇ. ಸರ್ಕಾರದ ಮಾಲಾ ಗುಳಿಗೆಗಳ ಪೊಟ್ಟಣದಲ್ಲಿ 28 ಇರುತ್ತವೆ. ಅವುಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನು ಅದರ ವೇಳೆಗೇ ನುಂಗಬೇಕು. ಎರಡು ಅಥವಾ ಹೆಚ್ಚು ಮರೆತರೆ ಕೂಡಲೇ ಒಂದನ್ನು ನುಂಗಿ, ದಿನನಿತ್ಯದಂತೆ ಮುಂದುವರಿಸುತ್ತ ಏಳು ದಿನ ನಿರೋಧ್ ಕೂಡ ಬಳಸಿ, ದಾದಿಯನ್ನು ಕೇಳಬೇಕು. ಹೊಸ ಪೊಟ್ಟಣ ತಡವಾಗಿ ಆರಂಭಿಸುವುದು ಎಲ್ಲಕ್ಕಿಂತ ಅಪಾಯ. ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ವಾಂತಿಯಾದರೆ ಅದು ಹೊಟ್ಟೆ ಸೇರಲಿಲ್ಲವೆಂದೇ ಲೆಕ್ಕ.

ಒಂದೂ ಮರೆಯದಿದ್ದರೂ ಗುಳಿಗೆ ಸೋಲಬಹುದೆಂದು 1970ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯ ವೈದ್ಯರು ಗಮನಿಸಿದರು. ಕ್ಷಯರೋಗಕ್ಕೆ ರಿಫಾಂಪಿಸಿನ್ ಸೇವಿಸುತ್ತಿದ್ದವರಲ್ಲಿ ಹೀಗಾಗಿತ್ತು. ಆ ಔಷಧಿ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ. ಮೂರ್ಛೆರೋಗದ ಕೆಲವು ಔಷಧಿಗಳದೂ ಇದೇ ಗುಣ. ಕ್ಷಯ ಇನ್ನೂ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಈ ಮಾತು ಮುಖ್ಯ. ವೈದ್ಯರಿಗೆ ಎರಡೂ ಔಷಧಿಗಳ ಹೆಸರು ಹೇಳಲೇಬೇಕು.

ಆಪರೇಷನ್ ಆದ ಮೇಲೂ

ಶಸ್ತ್ರಚಿಕಿತ್ಸೆಗೂ ಸೋಲಿದೆ, ಬಹಳ ಅಪರೂಪ ಅಷ್ಟೆ. ಗಂಡಸರ ಆಪರೇಷನ್ ಆದ ದಿನವೇ ಎಲ್ಲ ಮುಗಿಯುವುದಿಲ್ಲ. ನಾಳದ ಮುಂದಿನ ಭಾಗದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆಯೇ ನಿಶ್ಚಿಂತೆ. ಇದನ್ನು ಗಂಡನಿಗೆ ಯಾರೂ ಹೇಳದಿದ್ದರೆ, ಎರಡನೆಯ ತಿಂಗಳಲ್ಲಿ ಗರ್ಭ ನಿಂತಾಗ ಸಂಶಯ ಹೆಂಡತಿಯ ನಡತೆಯ ಮೇಲೆ ಬೀಳುತ್ತದೆ. ವಿಜ್ಞಾನದ ಒಂದು ವಾಕ್ಯ ಹೇಳದೆ ಬಿಟ್ಟದ್ದಕ್ಕೆ ಒಂದು ಸಂಸಾರವೇ ಬೆಲೆ ತೆರಬೇಕಾಗುತ್ತದೆ.

ನಮ್ಮ ಕಾನೂನು ಈ ಸತ್ಯವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ, ವಿವಾಹಿತ ದಂಪತಿಗಳು ಬಳಸಿದ ಸಾಧನ ಸೋತು ನಿಂತ ಗರ್ಭವನ್ನು ತೆಗೆಸಲು ಅವಕಾಶ ಕೊಟ್ಟಿತು. 2021ರ ತಿದ್ದುಪಡಿ ‘ವಿವಾಹಿತ’ ಎಂಬ ಮಿತಿಯನ್ನು ತೆಗೆದು, ಯಾವುದೇ ಮಹಿಳೆಗೂ ಅದನ್ನು ಅನ್ವಯಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಒಬ್ಬ ಕೂಲಿ ಹೆಂಗಸಿಗೆ ಪರಿಹಾರ ಎತ್ತಿಹಿಡಿಯಿತು. ಸಂತಾನಹರಣ ಚಿಕಿತ್ಸೆಯಲ್ಲಿ ಆಕೆಯ ಒಂದು ನಾಳವನ್ನಷ್ಟೇ ಮುಚ್ಚಿದ್ದರು. ಆದರೆ ಸೋತದ್ದೆಲ್ಲ ವೈದ್ಯರ ನಿರ್ಲಕ್ಷ್ಯವಲ್ಲ ಎಂದೂ ಅದೇ ನ್ಯಾಯಾಲಯ 2005ರಲ್ಲಿ ಸ್ಪಷ್ಟಪಡಿಸಿತು.

ಮಣಿಸರ ಅಷ್ಟಕ್ಕೇ ಮರೆಯಾಗಲಿಲ್ಲ. ಸುಮಾರು ಐವತ್ತು ವರ್ಷಗಳ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಸರ ಮಾಡಿದರು. ಅಪಾಯದ ದಿನಗಳ ಮಣಿ ಕತ್ತಲಲ್ಲೂ ಹೊಳೆಯುತ್ತದೆ. ಯಾವ ಕಡೆಗೆ ಸರಿಸಬೇಕೆಂಬ ಗುರುತಿದೆ. ಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಎಂಬ ನಿಯಮವಿದೆ. ಗಂಡನನ್ನೂ ಕೂರಿಸಿಕೊಂಡು ತಿಳಿಸಬೇಕು ಎಂಬ ಸಲಹೆಯಿದೆ. ಇಷ್ಟಾದರೂ ರೂಢಿಯ ಬಳಕೆಯಲ್ಲಿ ನೂರಕ್ಕೆ 12ರಷ್ಟು ಸೋಲು ಉಳಿದಿದೆ. ಆದರೆ ರಾಮನಗರದಲ್ಲಿ ಎದುರಾದಂಥ ತೊಡಕುಗಳಿಗೆ ಇಲ್ಲಿ ಉತ್ತರವಿದೆ.

ನಿಮ್ಮಲ್ಲಿ ಹಲವರಿಗೆ ಇದು ಮುಂದಿನ ದಿನಗಳ ಮಾತು. ಆದರೂ ಈಗಲೇ ತಿಳಿದಿರಲಿ. ಸಾಧನ ಸೋತಿರಬಹುದೆಂಬ ಅನುಮಾನ ಬಂದರೆ 72 ಗಂಟೆಯೊಳಗೆ ತುರ್ತು ಗುಳಿಗೆ ಇದೆ. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮುಟ್ಟು ತಪ್ಪಿದರೆ ಗುಟ್ಟಾಗಿ ನಾಟಿ ಔಷಧಿ ಹುಡುಕದೆ ಆಸ್ಪತ್ರೆಗೆ ಹೋಗಬೇಕು. ಸಂದೇಹ ಕೇಳಲು ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಆಶಾ ಕಾರ್ಯಕರ್ತೆಯರಿದ್ದಾರೆ. ನಾಳೆ ನಿಮ್ಮಲ್ಲಿ ಕೆಲವರು ವೈದ್ಯರೋ ದಾದಿಯರೋ ಆಗಿ ಈ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವವರಾಗಬಹುದು. ಆಗ ಕೊಟ್ಟು ಕಳುಹಿಸಿದರೆ ಸಾಲದು. ಅದು ಆ ಮನೆಯಲ್ಲಿ, ಆ ದಂಪತಿಯ ನಡುವೆ ಹೇಗೆ ಬಳಕೆಯಾಗುತ್ತದೆಂದು ವಿಚಾರಿಸಿ, ಇಬ್ಬರಿಗೂ ಅರ್ಥವಾಗುವಂತೆ ಹೇಳಿ, ಮತ್ತೆ ಬಂದು ಕೇಳಲು ಧೈರ್ಯ ತುಂಬಬೇಕು.