ಹುಲಿ ಕುರಿಯನ್ನು ಬಿಡಬಹುದೇ?

ಶಿಕಾರಿಪುರ ಮತ್ತು ಸೊರಬ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಬಿ.ಎಲ್. ರೈಸ್ 1902 ಹಾಗೂ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ತುರುಗಳನ್ನು ಕದ್ದೊಯ್ಯುತ್ತಿದ್ದವರನ್ನು ಅಡ್ಡಗಟ್ಟಿ ಮಡಿದವರ ಹೆಸರುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಲಶಾಲಿ ಮೇಲೆ ಬಿದ್ದಾಗ ದುರ್ಬಲರು ಉಳಿಯುವುದು ಹೇಗೆ? ಕಲ್ಲಿನಲ್ಲಿ ಕೊರೆದ ಈ ಪ್ರಶ್ನೆಯನ್ನೇ ಊರ ಜಗಲಿಯ ಮೇಲೆ ಬೇರೊಂದು ರೀತಿಯಲ್ಲಿ ಕೇಳುತ್ತದೆ, ಹುಲಿ-ಕುರಿ ಆಟ.

ಆಟದ ಸಾಮಗ್ರಿ ಸರಳ. ತ್ರಿಕೋನವನ್ನು ಅಡ್ಡಗೆರೆಗಳು ಕತ್ತರಿಸುವ ಒಂದು ಮನೆ, ಅದರಲ್ಲಿ 23 ಸಂಧಿಗಳು. 3 ಕಲ್ಲು ಹುಲಿಗಳು, 15 ಹುಣಸೆಬೀಜ ಕುರಿಗಳು. ಪಕ್ಕದ ಕುರಿಯನ್ನು ನೇರವಾಗಿ ಹಾರಿ ಆಚೆಯ ಖಾಲಿ ಸಂಧಿಗೆ ಇಳಿದರೆ ಹುಲಿಗೆ ಆಹಾರ ಸಿಕ್ಕಂತೆ. ಕುರಿಗೆ ಹಾರುವ ಶಕ್ತಿಯಿಲ್ಲ. ಅದರ ಬಲವೆಲ್ಲ ಬೆನ್ನ ಹಿಂದಿನ ಇನ್ನೊಂದು ಕುರಿಯಲ್ಲಿದೆ. ಒಂಟಿಯಾಗಿ ನಿಂತ ಕುರಿ ಸಾಯುತ್ತದೆ, ಹಿಂದೆ ಜೊತೆಯಿದ್ದ ಕುರಿಯನ್ನು ಹುಲಿ ಮುಟ್ಟಲಾರದು. ಹೀಗೆ ಎಲ್ಲ ಬದಿಗಳಿಂದ ಮುತ್ತಿ ಮೂರೂ ಹುಲಿಗಳು ಅಲುಗಾಡದಂತೆ ಮಾಡಿದರೆ ಕುರಿಗಳಿಗೆ ಜಯ.

ಇಷ್ಟರವರೆಗೆ ಎಲ್ಲರಿಗೂ ಒಪ್ಪಿಗೆ. ಜಗಳ ಆರಂಭವಾಗುವುದು ಆಮೇಲೆ. ಹಾರಲು ಅವಕಾಶವಿದ್ದರೆ ಹುಲಿ ಹಾರಲೇಬೇಕೇ ಅಥವಾ ಕುರಿಯನ್ನು ಕಡೆಗಣಿಸಿ ಬೇರೆ ದಾರಿ ಹಿಡಿಯಬಹುದೇ? ಹಾರುವುದು ಕಡ್ಡಾಯವಾದರೆ ಕುರಿಯ ಪಕ್ಷಕ್ಕೆ ಹೊಸದೊಂದು ಆಯುಧ ಸಿಗುತ್ತದೆ. ಒಂದು ಕುರಿಯನ್ನು ಬಲಿಕೊಟ್ಟು ಹುಲಿಯನ್ನು ಮೂಲೆಗೆ ಎಳೆದು ಮುತ್ತಿಗೆ ಹಾಕಬಹುದು. ಕಡ್ಡಾಯವಲ್ಲದಿದ್ದರೆ ಜಾಣ ಹುಲಿ ಆ ಬಲೆಗೆ ಬೀಳುವುದಿಲ್ಲ. ಮುತ್ತಿಗೆಗೆ ಸಿಕ್ಕ ಹುಲಿಯ ಗತಿಯೇನು ಎಂಬುದು ಇನ್ನೊಂದು ತಕರಾರು. ಅದನ್ನು ಮನೆಯಿಂದ ಹೊರಗಿಟ್ಟರೆ ಕಾವಲಿನ ಕುರಿಗಳು ಬಿಡುವಾಗುತ್ತವೆ. ಅಲ್ಲೇ ಉಳಿಸಿದರೆ ಕಾವಲು ಕದಲುವಂತಿಲ್ಲ. ಒಂದೇ ನಡೆಯಲ್ಲಿ ಎರಡು ಕುರಿಗಳನ್ನು ಹಾರಬಹುದೇ, 15 ಕುರಿಗಳನ್ನೂ ಇಡುವ ಮುನ್ನ ಕುರಿ ನಡೆಯಬಹುದೇ ಎಂಬುದರಲ್ಲೂ ಭಿನ್ನಮತವಿದೆ. ಒಂದೊಂದು ಉತ್ತರವೂ ಗೆಲುವಿನ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ.

ಅರಮನೆಯ ಆಟಗಳಿಗೆ ಗ್ರಂಥವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) 'ಶ್ರೀತತ್ತ್ವನಿಧಿ'ಯ ಒಂದು ಭಾಗವೇ ಇಂಥ ಕೌತುಕಗಳಿಗೆ ಮೀಸಲು. ಜಗಲಿಯ ಆಟಕ್ಕೆ ಗ್ರಂಥವಿರಲಿಲ್ಲ. ಹಂಪಿಯಂಥ ಕಡೆ ನೆಲಹಾಸಿನ ಕಲ್ಲುಗಳ ಮೇಲೆ ಆಟದ ಗೆರೆಗಳು ಉಳಿದಿವೆ ನಿಜ. ಆದರೆ ಕಟ್ಟಡದ ಕಾಲವೇ ಗೆರೆಯ ಕಾಲವೆಂದು ಹೇಳುವಂತಿಲ್ಲ, ಬಿಡುವಿನಲ್ಲಿ ಕುಳಿತವರು ಯಾವ ಶತಮಾನದಲ್ಲಾದರೂ ಗೀಚಿರಬಹುದು. ಅಲ್ಲದೆ ಗೆರೆ ಆಟದ ಮನೆಯನ್ನು ತೋರಿಸುತ್ತದೆ, ಕರಾರನ್ನು ಹೇಳುವುದಿಲ್ಲ.

ಆ ಕರಾರು ಇದ್ದದ್ದು ಎದುರುಬದುರು ಕುಳಿತ ಇಬ್ಬರ ಬಾಯಲ್ಲಿ. ಮೊದಲ ಕಾಯಿ ಇಡುವ ಮುನ್ನವೇ ಅವರು ಮಾತನಾಡಿ ಒಪ್ಪಬೇಕಿತ್ತು, ಸೋಲುವ ಹೊತ್ತಿನಲ್ಲೂ ಅದಕ್ಕೆ ಬದ್ಧರಾಗಬೇಕಿತ್ತು. ಇಂದು ಮೊಬೈಲ್ ಪರದೆಯ ಮೇಲೂ ಹುಲಿ ಕುರಿಗಳು ಓಡಾಡುತ್ತವೆ. ಅಲ್ಲಿ ನಿಯಮ ಮೊದಲೇ ಸಿದ್ಧ, ತಕರಾರಿಗೆ ಎಡೆಯಿಲ್ಲ. ಆಟ ಉಳಿದೀತು. ಆದರೆ ಬಲ ಸಮವಲ್ಲದ ಇಬ್ಬರು ಕುಳಿತು ನ್ಯಾಯವನ್ನು ಮಾತಿನಲ್ಲೇ ಗೊತ್ತುಮಾಡಿಕೊಳ್ಳುತ್ತಿದ್ದ ಆ ಜಗಲಿಯ ಪಾಠ ಉಳಿಯಬೇಕಾದರೆ, ಹುಲಿ ಕುರಿಯನ್ನು ಬಿಡಬಹುದೇ ಎಂದು ಕೇಳುವವರು ಇರಬೇಕು.